ಗುಡ್ಡ ಹತ್ತುವ ಗಾಡಿ

ಬಮ್ಮಿಗಟ್ಟಿ ಕ್ರಾಸಿನ ಕಟ್ಟೆಯ ಮೇಲೆ ಗಂಡನನ್ನು ಗೋಡೆಗೆ ಒರಗಿಸಿ ಕೂರಿಸಿ ಬಾಡಿಗೆಯ ಟಂಟಂ ರಿಕ್ಷಾಕ್ಕಾಗಿ ಕಾಯುವುದು ಸಾವಿತ್ರೆವ್ವನಿಗೆ ರೂಢಿಯಾಗಿ ಹೋಗಿತ್ತು. ವಾರಕ್ಕೆ ಮೂರು ಸಲ ಅದೇ ಕಟ್ಟೆ, ಅದೇ ಬಿಸಿಲು. ಬೆಳಿಗ್ಗೆ ಕಲಘಟಗಿಯ ದವಾಖಾನೆಗೆ ಹೋಗುವುದು ಅಷ್ಟು ತ್ರಾಸಿರಲಿಲ್ಲ. ಹಾಲಿನ ಗಾಡಿಯವನು ಇಬ್ಬರನ್ನೂ ಹತ್ತಿಸಿಕೊಳ್ಳುತ್ತಿದ್ದ. ತ್ರಾಸೆಲ್ಲ ತಿರುಗಿ ಬರುವಾಗ. ನಾಲ್ಕು ತಾಸು ಡಯಾಲಿಸಿಸ್ ಮಷಿನ್ನಿನಲ್ಲಿ ರಕ್ತ ತೊಳೆಸಿಕೊಂಡು ಬಂದ ಮಡಿವಾಳೆಪ್ಪ ಹಿಂಡಿ ಹಾಕಿದ ಅರಿವೆಯಂತಾಗಿರುತ್ತಿದ್ದ. ಅವರ ಊರು ಗುಡ್ಡದಕೊಪ್ಪ, ಕ್ರಾಸಿನಿಂದ ಒಳಗೆ, ಏರಿನ ಮೇಲೆ. ಗಾಡಿ ತುಂಬ ಮಂದಿ ಆಗದ ಹೊರತು ಟಂಟಂನವರು ಆ ಏರಿಗೆ ಬರುತ್ತಿರಲಿಲ್ಲ. ಕಾದು ಕಾದು ಕೆಲವೊಮ್ಮೆ ಸಂಜೆಯಾಗುತ್ತಿತ್ತು. ಮನೆ ಮುಟ್ಟಿದ ಮೇಲೆ ಅವಳಿಗೆ ಎಮ್ಮೆ, ಒಲೆ, ಹೊಲದ ಆಳುಗಳ ಲೆಕ್ಕ, ಮರುದಿನದ ರೊಟ್ಟಿ.

ಮಡಿವಾಳೆಪ್ಪ ಮೊದಲು ಟೆಂಪೊ ಓಡಿಸುತ್ತಿದ್ದ. ಮಾವಿನ ಸುಗ್ಗಿಯಲ್ಲಿ ಕಾಯಿ ತುಂಬಿಕೊಂಡು ಅಳ್ನಾವರದ ಮೇಲಿಂದ ಗೋವಾದ ಘಾಟಿನಲ್ಲಿ ಇಳಿಯುತ್ತಿದ್ದ ಮನುಷ್ಯ. ಸಕ್ಕರೆ ಕಾಯಿಲೆ ಒಳಗೊಳಗೇ ಎರಡೂ ಕಿಡ್ನಿ ತಿಂದು ಹಾಕಿತ್ತು. ಸೂಜಿ ಚುಚ್ಚಲು ಅನುಕೂಲವಾಗಲೆಂದು ಎಡಗೈಯ ರಕ್ತನಾಳಗಳನ್ನು ಕೂಡಿಸಿ ಆಪರೇಶನ್ ಮಾಡಿದ್ದರು. ಆ ಕೈಯಿಂದ ಭಾರ ಎತ್ತುವಂತಿಲ್ಲ, ಅದಕ್ಕೆ ಪೆಟ್ಟು ಬೀಳುವಂತಿಲ್ಲ. ಕ್ಲಚ್ ಹಿಡಿಯುವ ಕೈ ಅದೇ. ಮನೆಯಲ್ಲಿದ್ದ ಹಳೆಯ ಮೋಟರ್ ಸೈಕಲ್ಲು ಗೋದಲಿಯ ಪಕ್ಕದಲ್ಲಿ ಧೂಳು ತಿನ್ನುತ್ತ ನಿಂತುಬಿಟ್ಟಿತು.

ಒಂದು ದಿನ ಕಟ್ಟೆಯ ಮೇಲೆಯೇ ಅವನಿಗೆ ವಾಂತಿಯಾಯಿತು. ಆ ಸಂಜೆ ಸಾವಿತ್ರೆವ್ವ ಅಳ್ನಾವರದಲ್ಲಿ ಶಾಲೆಯ ಮಾಸ್ತರತಿಯಾಗಿದ್ದ ಮಗಳು ಸೌಂದರ್ಯಾಗೆ ಫೋನು ಮಾಡಿ, ಏನೂ ಹೇಳದೆ ಸುಮ್ಮನೆ ಹಿಡಿದುಕೊಂಡು ನಿಂತಳು.

"ಯವ್ವಾ, ಮಾತಾಡಬೇ. ಏನಾತು?"

"ಸಾಕಾಗೈತಿ ನನಗ. ಅಷ್ಟ."

"ನೀ ಗಾಡಿ ಕಲಿ," ಎಂದಳು ಸೌಂದರ್ಯಾ. "ಗೇರ್ ಇಲ್ಲದ್ದು. ಚಾರ್ಜಿಂಗ್ ಗಾಡಿ. ಪೆಟ್ರೋಲಿಗಿ ಕಲಘಟಗಿ ತನಕಾ ಹೋಗೂದಿಲ್ಲ, ಮನ್ಯಾಗ ಮೊಬೈಲ್ ಹಚ್ಚಿದಂಗ ಹಚ್ಚೂದು."

"ಈ ವಯಸ್ನ್ಯಾಗ?"

"ಕಟ್ಟಿಮ್ಯಾಲ ಕುಂದ್ರಾಕ ವಯಸ್ಸೈತಿ, ಗಾಡಿ ಹೊಡಿಯಾಕ ಇಲ್ಲ?"

ಮಡಿವಾಳೆಪ್ಪನಿಗೆ ಈ ಮಾತು ಸೇರಲಿಲ್ಲ. "ಅದು ಗಾಡಿ ಅಲ್ಲ, ಜಾತ್ರಿ ಆಟಿಗಿ ಸಾಮಾನ. ನಮ್ಮ ಗುಡ್ಡಾ ನೋಡಿದ್ರ ಅಳತೈತಿ," ಎಂದು ಗೋಡೆಯ ಕಡೆ ಹೊರಳಿ ಮಲಗಿದ. ಆದರೆ ಮುಂದಿನ ರವಿವಾರ ಮಗಳು ಬಂದು ಇಬ್ಬರನ್ನೂ ಹುಬ್ಬಳ್ಳಿಗೆ ಹೊರಡಿಸಿದಾಗ, ತೊಳೆದ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಎಳೆದುಕೊಂಡು ಎಲ್ಲರಿಗಿಂತ ಮೊದಲು ಪಡಸಾಲೆಯಲ್ಲಿ ಕೂತಿದ್ದ.

ಮೊದಲು ಹೋದ ಅಂಗಡಿಯಲ್ಲಿ ಗಾಜಿನ ಗೋಡೆ, ತಂಪು ಗಾಳಿ. ಕೆನೆಬಣ್ಣದ ಒಂದು ಹಗುರ ಸ್ಕೂಟರು ಸಾವಿತ್ರೆವ್ವನ ಮನಸ್ಸಿಗೆ ಬಂತು. ಕೂತರೆ ಎರಡೂ ಕಾಲು ನೆಲಕ್ಕೆ ಮುಟ್ಟುತ್ತಿದ್ದವು. ಅಂಗಡಿಯ ಹುಡುಗಿ, ಒಮ್ಮೆ ಚಾರ್ಜ್ ಮಾಡಿದರೆ ಧಾರವಾಡಕ್ಕೆ ಹೋಗಿ ಬಂದು ಮತ್ತೊಮ್ಮೆ ಹೋಗಬಹುದು ಎಂದಳು.

"ಇಬ್ಬರು ಕುಂತು ಗುಡ್ಡಾ ಹತ್ತತೈತೇನವಾ?" ಎಂದು ಸಾವಿತ್ರೆವ್ವ ಕೇಳಿದಳು.

"ಫ್ಲೈಓವರ್ ಆರಾಮ ಹತ್ತತೈತ್ರಿ ಆಂಟಿ."

ಮಡಿವಾಳೆಪ್ಪ ಅಂದು ಮೊದಲ ಸಲ ನಕ್ಕ. "ನೃಪತುಂಗ ಬೆಟ್ಟಕ್ಕ ತಗೊಂಡು ನಡೀ ಇದನ್ನ. ಅಲ್ಲಿ ಹತ್ತಿದ್ರ ಮಾತಾಡೂಣು."

ಬೆಟ್ಟದ ರಸ್ತೆಯಲ್ಲಿ ಅಂಗಡಿಯವರ ಹುಡುಗನೊಬ್ಬ ಓಡಿಸಿದ, ಮಡಿವಾಳೆಪ್ಪ ಹಿಂದೆ ಕೂತ; ತಾಯಿ ಮಗಳು ರಿಕ್ಷಾದಲ್ಲಿ ಹಿಂಬಾಲಿಸಿದರು. ಅರ್ಧ ಏರಿನಲ್ಲಿ ಗಾಡಿ ಬಸುರಿಯಂತೆ ಏದುಸಿರುಬಿಡುತ್ತ ನಿಧಾನವಾಯಿತು, ಕಡೆಗೆ ನಿಂತೇಬಿಟ್ಟಿತು. ಹಿಂದೆ ಸರಿಯಬಾರದೆಂದು ಇಬ್ಬರೂ ಕಾಲು ಊರಿದರು. ಮಡಿವಾಳೆಪ್ಪ ಇಳಿದು ರಸ್ತೆಯ ಬದಿಗೆ ನಿಂತ. ಅಷ್ಟಕ್ಕೇ ಅವನ ಮುಖ ಬಾಡಿತ್ತು. ಸಾವಿತ್ರೆವ್ವನಿಗೆ ಅಲ್ಲೇ ಕೂತುಬಿಡಬೇಕೆನಿಸಿತು. ಸ್ಕೂಟರು ಹತ್ತದ ಬೇಸರಕ್ಕಿಂತ ಮನೆ, ದವಾಖಾನೆ, ಕಟ್ಟೆ ಬಿಟ್ಟು ಮತ್ತೆಲ್ಲಿಗೂ ದಾರಿಯೇ ಇಲ್ಲವೇನೋ ಎಂಬ ಬೇಸರ ದೊಡ್ಡದಾಗಿತ್ತು.

ಇನ್ನೂ ಒಂದು ಕಡೆ ನೋಡಿಬಿಡೋಣವೆಂದು ಸೌಂದರ್ಯಾ ಹಟ ಮಾಡಿದಳು. ಆ ಅಂಗಡಿ ಗ್ಯಾರೇಜಿನ ಹಾಗಿತ್ತು. ಅಲ್ಲಿದ್ದ ಇಸ್ರಾರ್ ಎಂಬ ಯುವಕ ಗಾಡಿ ತೋರಿಸುವ ಮೊದಲೇ ಪ್ರಶ್ನೆ ಕೇಳಲು ಶುರು ಮಾಡಿದ. ಊರು ಯಾವುದು, ಏರು ಎಷ್ಟು ಉದ್ದ, ರಸ್ತೆ ಡಾಂಬರೋ ಮಣ್ಣೋ, ಕರೆಂಟು ಯಾವ ಹೊತ್ತಿಗೆ ಇರುತ್ತದೆ, ಯಾರು ಓಡಿಸುತ್ತಾರೆ.

"ನಾನ," ಎಂದಳು ಸಾವಿತ್ರೆವ್ವ.

"ಹಂಗಾರ ಅಕ್ಕಾರ, ಸುಳ್ಳ ಹೇಳೂದಿಲ್ರಿ. ಹಗುರ ಗಾಡಿ ನಿಮಗ ಬ್ಯಾಡ. ಇದು ಸ್ವಲ್ಪ ವಜ್ಜಿ ಐತಿ, ಆದ್ರ ಮೋಟರ್ ದೊಡ್ಡದು. ಏರಿನ್ಯಾಗ ಬ್ಯಾಟರಿ ಭಾಳ ತಿಂತೈತಿ. ಕಂಪನಿಯವರು ಹೇಳಿದ್ದು ಮೈದಾನದ ಲೆಕ್ಕ; ನಿಮ್ಮ ಗುಡ್ಡಕ್ಕ ಅದರ ಅರ್ಧ ಹಿಡಕೊಂಡು ನಡೀರಿ. ಇಳಕಲದಾಗ ಚೂರು ವಾಪಸ್ ತುಂಬತೈತಿ, ಅದನ್ನ ನಂಬಿಕೊಂಡು ಮಾತ್ರ ಹೋಗಬ್ಯಾಡ್ರಿ."

ಅದನ್ನೂ ಬೆಟ್ಟಕ್ಕೆ ಒಯ್ದರು, ಅದು ಹತ್ತಿತು. ನೀಲಿ ಬಣ್ಣದ, ಸೊಂಟ ದಪ್ಪಗಿದ್ದ ಆ ಗಾಡಿ ಇಬ್ಬರನ್ನು ಹೊತ್ತು, ನಡುವೆ ಒಮ್ಮೆ ಬೇಕೆಂದೇ ನಿಲ್ಲಿಸಿ ಮತ್ತೆ ಎಬ್ಬಿಸಿದರೂ ಸದ್ದಿಲ್ಲದೆ ಮೇಲೇರಿತು. ಎಲ್ಲರೂ ಮಡಿವಾಳೆಪ್ಪನ ಮುಖ ನೋಡಿದರು.

"ಹತ್ತೂದೇನ ನೋಡತೀರಿ, ಎಲ್ಲಾ ಹೆಂಗರ ಹತ್ತತಾವ," ಎಂದ ಅವನು. "ಇಳಸು ಈಗ. ಬ್ರೇಕ್ ನೋಡೂಣು."

ಇಳಿದು ಬಂದ ಮೇಲೆ ಬಗ್ಗಿ ಬ್ರೇಕಿನ ತಗಡನ್ನು ಮುಟ್ಟಿ, ಬಿಸಿಯಾಗಿದೆಯೇ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ತಗೋ," ಎಂದ.

ಕಲಿಯುವುದು ಸುಲಭವಾಗಲಿಲ್ಲ. ಕಣದಲ್ಲಿ ಸೌಂದರ್ಯಾ ಹಿಂದೆ ಓಡುತ್ತಿದ್ದಳು, ಮಡಿವಾಳೆಪ್ಪ ಕಣದ ಬದಿಯ ಕಟ್ಟೆಯ ಮೇಲೆ ಕುಳಿತು ಕೂಗುತ್ತಿದ್ದ. ಈ ಗಾಡಿಗೆ ಸದ್ದಿಲ್ಲದ್ದರಿಂದ ಅದು ಚಾಲೂ ಇದೆಯೋ ಇಲ್ಲವೋ ಸಾವಿತ್ರೆವ್ವನಿಗೆ ತಿಳಿಯುತ್ತಿರಲಿಲ್ಲ. ಬಂದ್ ಆಗಿದೆಯೆಂದುಕೊಂಡು ಹ್ಯಾಂಡಲ್ ತಿರುವಿ ಒಮ್ಮೆ ನೇರ ಬಣವೆಗೆ ನುಗ್ಗಿದಳು. ಮೊಣಕೈ ಸುಲಿಯಿತು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು. ಆದರೂ ಶಾಲೆಯ ದಿನಗಳಲ್ಲಿ ಸೈಕಲ್ ತುಳಿದ ಕಾಲುಗಳಿಗೆ ತೂಕ ಹಿಡಿಯುವುದು ಮರೆತಿರಲಿಲ್ಲ. ಲೈಸನ್ಸ್ ಕೈಗೆ ಬಂದ ಮೇಲೆ ಗಂಡನನ್ನು ಹಿಂದೆ ಕೂರಿಸಿಕೊಂಡು ಮೊದಲ ಸಲ ಗುಡ್ಡ ಇಳಿದಳು.

ಹಿಂದಿನ ಸೀಟಿನಿಂದ ದಾರಿಯುದ್ದಕ್ಕೂ ಹುಕುಂ. "ಎಡಕ್ಕ ತಗೋ. ತಗ್ಗ ಐತಿ. ಎರಡೂ ಬ್ರೇಕ್ ಹಿಡೀ. ಹಾರನ್ ಹೊಡಿ, ಮುರಕೀ ಐತಿ."

"ನೀವರ ಸುಮ್ನ ಕುಂದರ್ರಿ, ಇಲ್ಲಾ ಇಳದು ನಡಕೊಂತ ಬರ್ರಿ."

ಹೀಗೆ ಜಗಳಾಡುತ್ತಲೇ ದವಾಖಾನೆ ಮುಟ್ಟಿದರು. ಮಧ್ಯಾಹ್ನ ಅವನನ್ನು ಕಟ್ಟೆಯ ಮೇಲೆ ಒರಗಿಸದೆ ಸೀದಾ ಮನೆಗೆ ತಂದಳು. ಅವನು ಉಂಡು ಮಲಗಿದಾಗ ಇನ್ನೂ ಬಿಸಿಲಿತ್ತು. ಸಾವಿತ್ರೆವ್ವ ಬ್ಯಾಟರಿಯನ್ನು ಕಳಚಿ, ಹಾಲಿನ ಕೊಡದಂತೆ ಸೊಂಟಕ್ಕೆ ಒತ್ತಿಕೊಂಡು ಒಳಗೆ ತಂದು ಚಾರ್ಜಿಗೆ ಹಚ್ಚಿದಳು. ಮಾಡಲು ಕೆಲಸವಿತ್ತು. ಆದರೂ ಸ್ವಲ್ಪ ಹೊತ್ತು ಹೊಸ್ತಿಲ ಮೇಲೆ ಸುಮ್ಮನೆ ಕೂತಳು.

ದವಾಖಾನೆಯಲ್ಲಿ ಆ ನಾಲ್ಕು ತಾಸು ಅವಳು ಬೆಂಚಿನ ಮೇಲೆ ಕುಳಿತು ಕಳೆಯುತ್ತಿದ್ದಳು. ಪಕ್ಕದ ಹಾಸಿಗೆಗೆ ಮಿಶ್ರಿಕೋಟಿಯ ರಸೂಲಸಾಬ ಬರುತ್ತಿದ್ದ. ಅಂಗಿ ಹೊಲಿಯುವವನು, ಬಾಯಿ ತುಂಬ ಮಾತು. ಒಂದು ದಿನ ಅವನೇ, "ಅಕ್ಕಾರ, ನಾವು ಎಲ್ಲಿ ಓಡಿ ಹೋಗತೀವ್ರಿ? ಮಷಿನ್ನಿಗಿ ಕಟ್ಟಿ ಹಾಕ್ಯಾರ. ನೀವ್ಯಾಕ ಕಟ್ಟಿ ಹಾಕಿಕೊಂಡು ಕುಂತೀರಿ? ಹೊರಗ ಗಾಳಿ ತಗೊಂಡು ಬರ್ರಿ," ಎಂದ.

ಆ ದಿನ ಬಜಾರಿನತನಕ ಹೋಗಿ ಬಂದಳು. ಮುಂದಿನ ಸಲ ಊರಾಚೆಯ ತೋಪಿನತನಕ. ಅಲ್ಲಿಂದ ಮುಂದೆ ನೀರಸಾಗರ ಕೆರೆಯ ದಾರಿ ಹಿಡಿದಳು. ಹಿಂದೆ ಯಾರೂ ಇಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ. ಒಬ್ಬಳೇ ಕೂತರೆ ಗಾಡಿ ಎಷ್ಟು ಹಗುರವೆಂದು ಆಗ ತಿಳಿಯಿತು. ಸಣ್ಣ ಏರು ಬಂದರೆ ಹ್ಯಾಂಡಲ್ ಚೂರು ತಿರುವಿದರೆ ಸಾಕು, ಯಾರೋ ಬೆನ್ನಿಗೆ ಕೈ ಕೊಟ್ಟು ಮೇಲೆ ಕಳಿಸಿದಂತೆ. ದಿಬ್ಬದ ಮೇಲೆ ನವಿಲು ಕೂಗಿದ್ದು, ಗೋವಿನಜೋಳದ ಗರಿ ಗಾಳಿಗೆ ಸರಸರ ಅಂದದ್ದು ಎಲ್ಲ ಕೇಳುತ್ತಿತ್ತು. ಇಳುಕಲಿನಲ್ಲಿ ಸೆರಗು ಹಾರಿ ಬೆನ್ನಿಗೆ ಬಡಿಯುತ್ತಿತ್ತು. ಒಮ್ಮೆ ತಾನು ನಗುತ್ತಿದ್ದೇನೆಂದು ಗೊತ್ತಾಗಿ, ಯಾರಾದರೂ ಕಂಡರೇನೋ ಎಂದು ಬಾಯಿ ಮುಚ್ಚಿಕೊಂಡಳು. ಗಂಡ ಹಾಸಿಗೆಯ ಮೇಲೆ ಸೂಜಿ ಚುಚ್ಚಿಸಿಕೊಂಡು ಮಲಗಿರುವಾಗ ಹೆಂಡತಿ ಗಾಡಿಯ ಮೇಲೆ ನಗುತ್ತ ಹೋಗುವುದೆಂದರೇನು! ಆದರೂ ಮುಂದಿನ ಸಲವೂ ಹೋದಳು. ಈ ವಿಷಯ ಮಡಿವಾಳೆಪ್ಪನಿಗೆ ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಮಳೆಗಾಲ ಮುಗಿಯುತ್ತಿದ್ದ ಒಂದು ದಿನ. ಹಿಂದಿನ ಸಂಜೆ ಗಾಳಿಗೆ ತಂತಿ ಹರಿದು ಊರಲ್ಲಿ ಕರೆಂಟಿರಲಿಲ್ಲ. ಬ್ಯಾಟರಿ ಪೂರ್ತಿ ತುಂಬಿರಲಿಲ್ಲ. ಬೇಡ, ಇವತ್ತು ಬೆಂಚಿನ ಮೇಲೆ ಕೂರೋಣ ಎಂದುಕೊಂಡೇ ಸಾವಿತ್ರೆವ್ವ ಹೊರಗೆ ಬಂದಳು. ಮೂರು ದಿನದಿಂದ ಎಮ್ಮೆಗೆ ಹುಷಾರಿರಲಿಲ್ಲ, ಅವಳಿಗೆ ನಿದ್ದೆಯಿರಲಿಲ್ಲ. ಗಾಡಿ ಕಂಡಿತು. ಹತ್ತಿದಳು. ನೀರಸಾಗರದ ದಂಡೆಯ ಮಾವಿನ ಗಿಡದ ಕೆಳಗೆ ಸೆರಗು ಹಾಸಿ, ಚೂರು ಅಡ್ಡಾಗೋಣವೆಂದು ತಲೆ ಇಟ್ಟಳು. ಮೊಬೈಲು ಸೀಟಿನ ಕೆಳಗಿನ ಡಬ್ಬಿಯಲ್ಲಿತ್ತು.

ಎಚ್ಚರವಾದಾಗ ನೆರಳು ಅವಳನ್ನು ಬಿಟ್ಟು ಆಚೆ ಸರಿದಿತ್ತು. ಗಾಬರಿಯಿಂದ ಡಬ್ಬಿ ತೆರೆದರೆ ಮೊಬೈಲಿನ ತುಂಬ ದವಾಖಾನೆಯ ನರ್ಸಬಾಯಿಯ ಕರೆಗಳು.

ಅವಳು ಹೋಗಿ ಮುಟ್ಟಿದಾಗ ಮಡಿವಾಳೆಪ್ಪ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಬಿ.ಪಿ. ಇಳಿದದ್ದರಿಂದ ಮಷಿನ್ನನ್ನು ಬೇಗ ಬಂದ್ ಮಾಡಿದ್ದರು. ಮಲಗಿಸಿ, ಸುಧಾರಿಸಿದ ಮೇಲೆ ಹೊರಗೆ ಕೂರಿಸಿದ್ದರು. ತನ್ನ ಪಾಳಿ ಮುಗಿಸಿಕೊಂಡ ರಸೂಲಸಾಬ ಊರಿನ ಬಸ್ಸು ಬಿಟ್ಟು ಅವನ ಬಾಜು ಕೂತಿದ್ದ.

"ಈಗ ಆರಾಮ ಅದಾರ್ರಿ ಅಕ್ಕಾರ. ಗಾಬರಿ ಆಗಬ್ಯಾಡ್ರಿ," ಎಂದು ಅವನೇ ಮೊದಲು ಮಾತಾಡಿದ.

ಮಡಿವಾಳೆಪ್ಪ ಹೆಂಡತಿಯ ಸೀರೆಗೆ ಅಂಟಿದ್ದ ಹುಲ್ಲುಕಡ್ಡಿ ನೋಡಿದ. "ಎಲ್ಲಿ ಹೋಗಿದ್ದಿ?"

"ಮಲಗಿದ್ದೆ."

ಅವನು ಗೋಡೆ ಹಿಡಿದು ಎದ್ದು ಗಾಡಿಯ ಕಡೆ ನಡೆದ. ಗಾಡಿಯ ಮೇಲೆ ಕೂತ ಮೇಲೂ ಎಡಕ್ಕೆ ತಗೋ, ಬ್ರೇಕ್ ಹಿಡಿ ಎನ್ನಲಿಲ್ಲ. ಬೈದಿದ್ದರೆ ಸಾವಿತ್ರೆವ್ವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಕ್ರಾಸು ದಾಟಿ ಗುಡ್ಡದ ಬುಡಕ್ಕೆ ಬಂದಾಗ ಗಾಡಿಯ ಮುಂದೆ ಕೆಂಪು ದೀಪ ಮಿಣುಕತೊಡಗಿತು. ಚಾರ್ಜ್ ತಳ ಕಂಡಿತ್ತು. ಮೊದಲ ಮುರುಕಿಯ ತಿರುವಿನಲ್ಲೇ ಗಾಡಿ ಇಬ್ಬರನ್ನು ಎಳೆಯಲಾರದೆ ಆಮೆಯಂತಾಗಿ ನಿಂತಿತು. ಅವಳು ಕಾಲೂರಿ ಹಿಡಿದುಕೊಂಡಳು. ರಸ್ತೆಯಲ್ಲಿ ಮುಂದೆ ಹಿಂದೆ ಯಾರೂ ಇರಲಿಲ್ಲ.

"ನೀವು ಈ ಗಿಡದ ಕೆಳಗ ಕುಂದರ್ರಿ. ನಾ ಊರಾಗ ಯಾರನ್ನರ ಕರಕೊಂಡು ಬರ್ತೀನಿ."

"ನೀ ಇಳಿ," ಎಂದ ಮಡಿವಾಳೆಪ್ಪ.

"ಇಳದು?"

"ಒಬ್ಬರನ್ನ ಎಳೀತೈತಿ. ನಾ ಈಗ ನಿನಗಿಂತಾ ಹಗುರ ಅದೀನಿ. ನಾ ತಗೊಂಡು ಹೊಕ್ಕೀನಿ, ನೀ ಹಿಂದ ನಡಕೊಂತ ಬಾ."

"ಬಿ.ಪಿ. ಇಳದ ಮನಶ್ಯಾ! ತಲಿ ತಿರುಗಿ ಬಿದ್ರ?"

"ಕುಂತಲ್ಲೂ ತಿರಗತೈತಿ, ನಿಂತಲ್ಲೂ ತಿರಗತೈತಿ. ಇದಕ್ಕ ಕ್ಲಚ್ ಇಲ್ಲ, ಎಡಗೈಗಿ ಕೆಲಸಿಲ್ಲ. ಇಳಿಬೇ."

ವಾದ ಮಾಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಇಳಿದು ಅವನನ್ನು ಮುಂದೆ ಸರಿಸಿದಳು. ಸೀಟಿನ ಹಿಂದಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ಜೊತೆಗೇ ನಡೆದಳು. ಗಾಡಿ ಹೊರಟಿತು, ನಡೆಯುವವರ ವೇಗದಲ್ಲಿ. ಅವನ ಬೆನ್ನು ನೆಟ್ಟಗಾದದ್ದು, ಮುರುಕಿಯಲ್ಲಿ ಬಲಕ್ಕೆ ಸರಿದು ಮತ್ತೆ ಎಡಕ್ಕೆ ಬಂದ ನಾಜೂಕು ಅವಳಿಗೆ ಕಂಡಿತು. ಏರು ಸ್ವಲ್ಪ ಸಡಿಲಾದಲ್ಲಿ ಗಾಡಿ ಮುಂದಾಯಿತು, ಹಿಡಿಕೆ ಕೈ ತಪ್ಪಿತು.

"ರೀ! ನಿಂದರ್ರಿ!"

ಅವನು ತಿರುಗಿ ನೋಡಲಿಲ್ಲ. ಮುಂದಿನ ಮುರುಕಿಯಲ್ಲಿ ಮರೆಯಾದ.

ಸಾವಿತ್ರೆವ್ವ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಉಸಿರು ಹತ್ತಿ ನಿಂತಳು, ಮತ್ತೆ ಓಡಿದಳು. ಬಿದ್ದ ಸಪ್ಪಳ ಕೇಳಿದಂತೆ ಎರಡು ಸಲ ಅನಿಸಿತು. ಒಂದೊಂದು ಮುರುಕಿಯಲ್ಲೂ ಗಾಡಿ ಹಳ್ಳದಲ್ಲಿ ಬಿದ್ದಿರುತ್ತದೆ, ಪಕ್ಕದಲ್ಲಿ ಅವನು ಬಿದ್ದಿರುತ್ತಾನೆ ಎಂದುಕೊಂಡೇ ತಿರುಗಿದಳು. ಗುಡ್ಡದ ತಲೆಯ ಮೇಲೆ, ರಸ್ತೆಯ ಸಣ್ಣ ಮೋರಿಯ ಕಟ್ಟೆಯ ಮೇಲೆ ಮಡಿವಾಳೆಪ್ಪ ಕೂತಿದ್ದ. ಗಾಡಿಯನ್ನು ಸರಿಯಾಗಿ ಸ್ಟ್ಯಾಂಡ್ ಹಾಕಿ, ಮುಂದಿನ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ್ದ. ಬೆವರಿನಲ್ಲಿ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿದಿತ್ತು.

"ಗಾಡಿ ಭಾಳ ಛಲೋ ಐತಿ," ಎಂದ.

ಅವಳ ಬಾಯಿಗೆ ಬಂದದ್ದೆಲ್ಲ ಹೊರಬಿತ್ತು. ಗಾಡಿಗೆ ಬೆಂಕಿ ಬೀಳಲಿ ಎಂದಳು, ನಿಮ್ಮ ಡ್ರೈವರಕಿಗೆ ಬೆಂಕಿ ಬೀಳಲಿ ಎಂದಳು. ಏನಾದರೂ ಆಗಿದ್ದರೆ ತಾನು ಮಗಳಿಗೆ ಯಾವ ಬಾಯಿಂದ ಹೇಳಬೇಕಿತ್ತು ಎಂದಳು. ಅವನು ತಲೆ ತಗ್ಗಿಸಿ ಕೇಳಿದ. ಅವಳ ಮಾತು ಮುಗಿದ ಮೇಲೆ ಕಟ್ಟೆಯ ಮೇಲೆ ತನ್ನ ಬಾಜುವಿನ ಜಾಗ ತೋರಿಸಿದ. ಅವಳು ಕೂತಳು.

"ಎಲ್ಲಿ ಮಲಗಿದ್ದಿ?"

"ನೀರಸಾಗರದ ದಂಡಿಮ್ಯಾಲ. ಗಿಡದ ಕೆಳಗ." ಸೀರೆಯ ಹುಲ್ಲುಕಡ್ಡಿ ಕಿತ್ತು ಸೇರಿಸಿದಳು, "ಹರ ಸಲಾ ಹೊಕ್ಕೀನಿ. ಎಲ್ಲೆರ. ಸುಮ್ನ."

ಮಡಿವಾಳೆಪ್ಪ ಕೆಳಗಿನ ಬಯಲು ನೋಡುತ್ತ ಕೂತಿದ್ದ. ಭತ್ತದ ಗದ್ದೆಗಳು, ಅವುಗಳಾಚೆ ಕ್ರಾಸಿನ ರಸ್ತೆ.

"ನಿದ್ದಿ ಛಲೋ ಆತೇನು?" ಎಂದು ಕೇಳಿದ.

ಎರಡು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಎಲ್ಲರೂ ಕೇಳುವುದು ಅವನ ನಿದ್ದೆ, ಅವನ ಊಟ, ಅವನ ರಿಪೋರ್ಟು. ಸಾವಿತ್ರೆವ್ವ ಹೌದೆಂದು ತಲೆಯಾಡಿಸಿದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಬಹಳ ದಿನದಿಂದ ಬಾಕಿಯಿದ್ದ ಅಳುವನ್ನು ಅತ್ತಳು. ಅವನು ಬಲಗೈಯನ್ನು ಅವಳ ಬೆನ್ನ ಮೇಲೆ ಇಟ್ಟು ಕೂತ. ಒಬ್ಬ ಕುರಿಯವನು ಹಿಂಡು ಹೊಡೆದುಕೊಂಡು ಹಾದುಹೋದ.

ಮನೆಯತನಕ ಸಪಾಟು ದಾರಿ. ಗಾಡಿಯನ್ನು ಅವಳು ತಳ್ಳಿದಳು, ಅವನು ಅದರ ಮೇಲೆ ಕೂತು ಹ್ಯಾಂಡಲ್ ಹಿಡಿದ.

ಆ ದಿನದಿಂದ ಏನೂ ಭಾರೀ ಬದಲಾಗಲಿಲ್ಲ. ಡಾಕ್ಟರಿಗೆ ವಿಷಯ ತಿಳಿದು, ಡಯಾಲಿಸಿಸ್ ಆದ ದಿನ ಗಾಡಿ ಮುಟ್ಟಕೂಡದೆಂದು ಮಡಿವಾಳೆಪ್ಪನಿಗೆ ಬೈದರು. ಉಳಿದ ದಿನ ಮೈ ಹಗುರವಿದ್ದರೆ ಊರೊಳಗೆ ಮಾತ್ರ ಎಂದರು. ಅಂಥ ಮುಂಜಾನೆ ಅವನು ಹೊಲದ ದಾರಿಯತನಕ ಓಡಿಸಿ ಬರುತ್ತಿದ್ದ. ಕೆಲವು ವಾರ ಒಂದು ದಿನವೂ ಮೈ ಹಗುರವಾಗುತ್ತಿರಲಿಲ್ಲ, ಗಾಡಿಯ ಸೀಟು ಒರೆಸಿ ಒಳಗೆ ಬರುತ್ತಿದ್ದ. ಸಾವಿತ್ರೆವ್ವ ನಾಲ್ಕು ತಾಸಿನಲ್ಲಿ ಹೋಗುವುದನ್ನು ಬಿಡಲಿಲ್ಲ. ಎಲ್ಲಿಗೆಂದು ನರ್ಸಬಾಯಿಗೆ ಹೇಳಿ, ಮೊಬೈಲು ಸೊಂಟಕ್ಕೆ ಸಿಗಿಸಿಕೊಂಡು ಹೋಗುತ್ತಿದ್ದಳು. ಆಯಾಸ ಹಾಗೇ ಇತ್ತು. ಅದು ಹೋಗುವಂಥದ್ದಲ್ಲವೆಂದು ಅವಳಿಗೂ ಗೊತ್ತಿತ್ತು.

ಸಂಕ್ರಾಂತಿಯ ಮರುದಿನ ಮಿಶ್ರಿಕೋಟಿಯಲ್ಲಿ ಅವಳ ತಂಗಿ ಸಣ್ಣವ್ವ ಊಟಕ್ಕೆ ಕರೆದಿದ್ದಳು. ಅವನು ಕಾಯಿಲೆ ಬಿದ್ದ ಮೇಲೆ ದವಾಖಾನೆ ಬಿಟ್ಟು ಇಬ್ಬರೂ ಬೇರೊಂದು ಮನೆಗೆ ಹೋಗಿದ್ದು ಅದೇ ಮೊದಲು. ಹೋಗುವಾಗ ನಡುನಡುವೆ ನಿಲ್ಲಿಸಿ ನೀರು ಕುಡಿದರು. ಅವನದು ಎರಡೇ ಗುಟುಕು; ಡಾಕ್ಟರು ನೀರಿಗೂ ಅಳತೆ ಹಾಕಿದ್ದರು. ಅಲ್ಲಿ ಮಡಿವಾಳೆಪ್ಪ ಪಥ್ಯದ ಅನ್ನ ಉಂಡು, ಷಡ್ಡಕನೊಡನೆ ಘಾಟಿಯ ಹಳೆಯ ಕಥೆಗಳನ್ನು ಬಾಯಿ ನೋಯುವಷ್ಟು ಹೇಳಿದ. ಗಾಡಿಯನ್ನು ಅಲ್ಲೇ ಚಾರ್ಜಿಗೆ ಹಚ್ಚಿದ್ದರು.

ಹಿಂದಿರುಗುವಾಗ ಗುಡ್ಡದ ಬುಡದಲ್ಲಿ ಅವನ ತಲೆ ಅವಳ ಬೆನ್ನಿಗೆ ತಗುಲಿತು. ತೂಕಡಿಸುತ್ತಿದ್ದ. ಅವಳು ಗಾಡಿ ನಿಲ್ಲಿಸಿ, ಅವನ ಹೆಗಲ ಮೇಲಿನ ಟವೆಲನ್ನು ಎಳೆದುಕೊಂಡು, ಇಬ್ಬರ ಸೊಂಟವನ್ನೂ ಸುತ್ತಿ ಮುಂದೆ ಗಂಟು ಹಾಕಿದಳು.

"ಏನ ಮಾಡಾಕತ್ತಿಬೇ?" ಎಂದ ಅವನು ಕಣ್ಣು ಬಿಡದೆ.

"ಏನಿಲ್ಲ. ಮಕ್ಕೋರಿ."

ಅವಳ ಕಣ್ಣುಗಳೂ ಎಳೆಯುತ್ತಿದ್ದವು. ತಂಪು ಗಾಳಿಗೆ ಮುಖವೊಡ್ಡಿ, ಹ್ಯಾಂಡಲನ್ನು ಮೆಲ್ಲಗೆ ತಿರುವಿದಳು. ಗಾಡಿ ಇಬ್ಬರನ್ನೂ ಹೊತ್ತು ಏರು ಹತ್ತತೊಡಗಿತು.